ಅಡ್ವಾನ್ಸ್ ಲೆಕ್ಕ ಬರಹದಲ್ಲಿ ಸಿಗುವವರೆಗೆ ಮನೆ ಕೀ ಕೊಡಬೇಡಿ

ಬಾಡಿಗೆ ಏರಿಕೆ ಒಪ್ಪದೆ ಮನೆ ಖಾಲಿ ಮಾಡುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ.

ಕರಾರಿನ ಅವಧಿ ಮುಗಿಯುವ ಮೊದಲೇ ನಮ್ಮ ಓನರ್ ಬಾಡಿಗೆ ಜಾಸ್ತಿ ಮಾಡಿ ಅಂದರು. ಪಕ್ಕದ ಮನೆಗೆ ಹೆಚ್ಚು ಬರುತ್ತಿದೆ ಅನ್ನುವುದೇ ಕಾರಣ. ಹೆಚ್ಚಳ ಯಾವಾಗ, ಎಷ್ಟು ಅಂತ ಕರಾರಿನಲ್ಲಿ ಬರೆದಿದೆಯಲ್ಲ ಸರ್ ಅಂದೆ. "ಇಷ್ಟ ಇದ್ರೆ ಇರಿ, ಇಲ್ಲಾಂದ್ರೆ ಖಾಲಿ ಮಾಡಿ" ಅಂದುಬಿಟ್ಟರು. ಸಂಬಳ ಇದ್ದಲ್ಲೇ ಇರುವಾಗ ಬಾಡಿಗೆ ಮಾತ್ರ ಏರಿದರೆ ಎಲ್ಲಿಂದ ತಂದು ಕೊಡೋದು? ನೋಟಿಸ್ ಕೊಟ್ಟು ಹೊರಟೆವು.

ಕೀ ಅವರ ಕೈಸೇರುವವರೆಗೆ ಎಲ್ಲ ಸರಿಯಾಗಿತ್ತು. ಆಮೇಲೆ ವಾಟ್ಸಾಪ್‌ನಲ್ಲಿ ಒಂದು ಪಟ್ಟಿ ಬಂತು. ಇಡೀ ಮನೆಗೆ ಪೇಂಟಿಂಗ್, ಕ್ಲೀನಿಂಗ್, ಬೆಡ್‌ರೂಮಿನ ವಾರ್ಡ್‌ರೋಬ್. ಒಂದಕ್ಕೂ ಬಿಲ್ ಇಲ್ಲ, ಅಡ್ವಾನ್ಸ್‌ನಲ್ಲಿ ಅರ್ಧವೂ ಉಳಿಯಲಿಲ್ಲ. ವಾರ್ಡ್‌ರೋಬ್ ಉಬ್ಬಿದ್ದು ಅದರ ಹಿಂದಿನ ಗೋಡೆಯಲ್ಲಿ ನೀರು ಜಿನುಗಿ. ಮಳೆಗಾಲದಲ್ಲೇ ಅದರ ಫೋಟೊ ಅವರಿಗೆ ಕಳಿಸಿದ್ದೆ. "ನೋಡೋಣ" ಅಂತ ಉತ್ತರ ಬಂದಿತ್ತು, ಯಾರೂ ಬಂದು ನೋಡಲಿಲ್ಲ.

ಹೊಟ್ಟೆ ಉರಿದದ್ದು ಇನ್ನೂ ಮುಂದೆ. ಅದೇ ಮನೆ ಆನ್‌ಲೈನ್ ಜಾಹೀರಾತಿನಲ್ಲಿ ಕಾಣಿಸಿತು, ನಮ್ಮನ್ನು ಕೇಳಿದ್ದಕ್ಕಿಂತಲೂ ಹೆಚ್ಚಿನ ಬಾಡಿಗೆಗೆ. ಫೋಟೊ ದೊಡ್ಡದು ಮಾಡಿ ನೋಡಿದೆ. ಹಾಲಿನಲ್ಲಿ ನಾವು ಗಡಿಯಾರ ನೇತುಹಾಕಿದ್ದ ಮೊಳೆ ಹಾಗೇ ಇದೆ, ಸ್ವಿಚ್ ಬೋರ್ಡ್ ಸುತ್ತ ಕೈ ತಾಗಿ ಮಾಸಿದ ಗುರುತೂ ಇದೆ. ಬಣ್ಣದ ದುಡ್ಡು ಹಿಡಿದುಕೊಂಡವರು ಬಣ್ಣವನ್ನೇ ಹೊಡೆಸಿರಲಿಲ್ಲ! ಸ್ಕ್ರೀನ್‌ಶಾಟ್ ಕಳಿಸಿದ ಮೇಲೆ ಆ ಹಣ ವಾಪಸ್ ಬಂತು. ಉಳಿದದ್ದಕ್ಕೆ ವಕೀಲರ ಮೂಲಕ ನೋಟಿಸ್ ಹೋಗಿದೆ.

1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್ ಪ್ರಕಾರ ಮನೆಯನ್ನು ಪಡೆದ ಸ್ಥಿತಿಯಲ್ಲೇ ಬಿಟ್ಟುಕೊಡಬೇಕು ನಿಜ, ಆದರೆ ದಿನಬಳಕೆಯ ಸಹಜ ಸವೆತಕ್ಕೆ ಬಾಡಿಗೆದಾರ ಹೊಣೆಯಲ್ಲ. ಕರಾರಿನಲ್ಲಿ ಬೇರೆ ರೀತಿ ಬರೆದಿದ್ದರೆ ಮಾತ್ರ ಅದೇ ನಡೆಯುತ್ತದೆ. ಹಾಗಾಗಿ ಸಹಿ ಹಾಕುವ ಮೊದಲು ಪೇಂಟಿಂಗ್ ಖರ್ಚಿನ ಸಾಲನ್ನು ಹುಡುಕಿ ಓದಿ. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಪಡೆಯಬಾರದು ಅಂತ 2021ರ ಮಾದರಿ ಬಾಡಿಗೆ ಕಾಯ್ದೆ ಹೇಳುತ್ತದೆ. ಅದು ಮಾದರಿಯಷ್ಟೇ, ರಾಜ್ಯ ಸರ್ಕಾರ ಜಾರಿಗೆ ತಂದರೆ ಮಾತ್ರ ಅನ್ವಯ.

ಮನೆ ಹಾಳುಗೆಡಹಿ ಹೋಗುವ ಬಾಡಿಗೆದಾರರೂ ಇದ್ದಾರೆ. ಅಂಥವರಿಂದ ಓನರ್ ಹಣ ಹಿಡಿದುಕೊಳ್ಳುವುದು ನ್ಯಾಯವೇ, ಆದರೆ ಬಿಲ್ ತೋರಿಸಲಿ. ಹಳೆಯ ಅಡ್ವಾನ್ಸ್ ಬಂದರೆ ತಾನೇ ಹೊಸ ಮನೆಗೆ ಕಟ್ಟುವುದು? ಆ ಅವಸರ ಅವರಿಗೂ ಗೊತ್ತು, ಅದಕ್ಕೇ ಎಷ್ಟೋ ಜನ ಕೊಟ್ಟಷ್ಟು ಈಸ್ಕೊಂಡು ಸುಮ್ಮನಾಗುತ್ತಾರೆ. ನಾವು ಸಾಲ ಮಾಡಿ ಹೊಸ ಮನೆಗೆ ಕಟ್ಟಬೇಕಾಯಿತು.

ಮನೆಗೆ ಸೇರುವ ದಿನವೇ ಪ್ರತಿ ಕೋಣೆಯ ವಿಡಿಯೊ ಮಾಡಿ ಓನರ್‌ಗೆ ಕಳಿಸಿಡಿ. ರಿಪೇರಿ ವಿಷಯ ಫೋನಿನಲ್ಲಿ ಮಾತಾಡಿದ್ದರೂ ಮೆಸೇಜಿನಲ್ಲಿ ಇನ್ನೊಮ್ಮೆ ಬರೆಯಿರಿ. ಖಾಲಿ ಮಾಡುವಾಗ ಅವರನ್ನು ಕರೆಸಿ, ಜೊತೆಗೇ ಮನೆಯೆಲ್ಲ ನೋಡಿ, ಏನು ಕಳೆಯುತ್ತೀರಿ ಅಂತ ಅಲ್ಲೇ ಬರೆಸಿಕೊಳ್ಳಿ. ಕೀ ಕೊಡುವುದು ಅದಾದ ಮೇಲೆ.