ರೇಸ್ ಬುಕ್ ತಗೊಂಡರೆ ಟಿಪ್ಸ್ ಪುಟ ಬಿಟ್ಟು ಉಳಿದದ್ದು ಓದಿ

ಬೆಂಗಳೂರು ಟರ್ಫ್ ಕ್ಲಬ್‌ನಲ್ಲಿ ರೇಸ್ ಇರುವ ದಿನಕ್ಕೆ ಅಂತ ಬರುವ ರೇಸ್ ಬುಕ್, ಅಂದ್ರೆ ಆ ದಿನ ಓಡುವ ಕುದುರೆಗಳ ವಿವರ ಇರುವ ಪುಸ್ತಕದ ಬಗ್ಗೆ ಬರೆಯುತ್ತಿದ್ದೇನೆ. ಬೇರೆ ಬೇರೆ ಹೆಸರಲ್ಲಿ ಸಿಗುತ್ತವೆ. ಒಳಗಿನ ಸರಕು ಹೆಚ್ಚು ಕಡಿಮೆ ಒಂದೇ, ಹಾಗಾಗಿ ಹೆಸರು ಹಿಡಿದು ಹೇಳುತ್ತಿಲ್ಲ. ತಗೊಳ್ಳಬಹುದಾ ಅಂದ್ರೆ, ಖಂಡಿತ ತಗೊಳ್ಳಿ. ಆದರೆ ಜನ ಅದನ್ನು ಬಳಸುವ ರೀತಿ ನೋಡಿದರೆ ಹೊಟ್ಟೆ ಉರಿಯುತ್ತದೆ. ಕೈಗೆ ಬಂದ ತಕ್ಷಣ ಯಾವ ಕುದುರೆ ಗೆಲ್ಲಬಹುದು ಅಂತ ಹೇಳುವ ಟಿಪ್ಸ್ ಪುಟ ತೆಗೆಯುತ್ತಾರೆ, ಪ್ರತಿ ರೇಸಿಗೂ ಕೊಟ್ಟಿರುವ ಹೆಸರುಗಳಿಗೆ ಪೆನ್ನಲ್ಲಿ ಸುತ್ತು ಹಾಕುತ್ತಾರೆ, ಸೀದಾ ಬಾಜಿ ಕಟ್ಟುವ ಟೋಟ್ ಕೌಂಟರ್‌ಗೆ ಹೋಗಿ ನಿಲ್ಲುತ್ತಾರೆ. ಉಳಿದ ಪುಟಗಳಿಗೆ ಕೊಟ್ಟ ದುಡ್ಡು ದಂಡ.

ಟಿಪ್ಸ್ ಪುಟ ಪೂರ್ತಿ ಸುಳ್ಳು ಅಂತಲ್ಲ. ಅದರಲ್ಲಿರುವುದು ಸಾಮಾನ್ಯವಾಗಿ ಗೆಲ್ಲೋ ಸಾಧ್ಯತೆ ಇರುವ ಕುದುರೆಗಳೇ. ಆದರೆ ಎಲ್ಲರ ಕೈಯಲ್ಲೂ ಅದೇ ಪುಟ ಇದೆ, ಅಲ್ವಾ? ಮೇಲೆ ಸೂರಜ್ ನರೇಡು ಅಥವಾ ಟ್ರೆವರ್ ಥರದ ಹೆಸರಾಂತ ಜಾಕಿ (ಸವಾರ) ಕೂತಿದ್ದಾರೆ ಅಂದ್ರಂತೂ ಹಿಂದೆ ಮುಂದೆ ನೋಡದೆ ದುಡ್ಡು ಬೀಳುತ್ತದೆ, ಆಡ್ಸ್, ಅಂದ್ರೆ ಗೆದ್ದರೆ ಸಿಗುವ ದರ, ಕುಸಿಯುತ್ತದೆ. ಅದರ ಜೊತೆ ತೆರಿಗೆ ಬೇರೆ. ಶೇ 28 ಇದ್ದ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 40 ಆಗಿದೆ, ಅದೂ ಇಟ್ಟ ಪೂರ್ತಿ ಹಣದ ಮೇಲೆ. ಇಂಥದ್ದರಲ್ಲಿ ಫೇವರಿಟ್ (ಎಲ್ಲರೂ ದುಡ್ಡು ಹಾಕಿದ ಕುದುರೆ) ಗೆದ್ದರೂ ಕೈಗೆ ಬರೋದು ಅಷ್ಟಕ್ಕಷ್ಟೇ. ಎಲ್ಲಾ ರೇಸ್ ಆಡುವ ಕಾಲ ಇದಲ್ಲ. ಪುಸ್ತಕ ಓದಿ ಒಂದೋ ಎರಡೋ ರೇಸ್ ಆರಿಸಿಕೊಳ್ಳಬೇಕು, ಉಳಿದದ್ದನ್ನು ಸುಮ್ನೆ ನೋಡಬೇಕು.

ಪುಸ್ತಕದ ನಿಜವಾದ ಬೆಲೆ ಇರೋದು ಪ್ರತಿ ಕುದುರೆಯ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿರುವ ಹಿಂದಿನ ಓಟಗಳ ಸಾಲುಗಳಲ್ಲಿ. ಯಾವ ದೂರ, ಎಷ್ಟು ತೂಕ, ಯಾವ ಜಾಕಿ, ಎಷ್ಟನೇ ಸ್ಥಾನ, ಗೆದ್ದ ಕುದುರೆಗಿಂತ ಎಷ್ಟು ಲೆಂಗ್ತ್ (ಒಂದು ಕುದುರೆಯ ಉದ್ದ) ಹಿಂದೆ, ಎಲ್ಲಾ ಇರುತ್ತದೆ. ಒಂದು ಸಾಲು ಹೇಗೆ ಓದಬೇಕು ಅಂತ ಹೇಳುತ್ತೇನೆ. ಒಂದು ಕುದುರೆ ಕಳೆದ ಸಲ 1200 ಮೀಟರ್‌ನಲ್ಲಿ ಐದನೇ ಸ್ಥಾನ ಅಂದುಕೊಳ್ಳಿ. ಸೋತ ಕುದುರೆ ಅಂತ ಬಿಟ್ಟುಬಿಡುತ್ತೀರಿ. ಆದರೆ ಲೆಂಗ್ತ್ ನೋಡಿದರೆ ಬರೀ ಎರಡೂವರೆ. ಅದರ ಹಿಂದಿನ ಸಾಲುಗಳಲ್ಲಿ ಅದು ಚೆನ್ನಾಗಿ ಓಡಿದ್ದೆಲ್ಲ 1400 ಮೀಟರ್‌ನಲ್ಲಿ. ಇವತ್ತಿನ ರೇಸ್ 1400. ಆ ಕುದುರೆಗೆ ಗುರುತು ಹಾಕಿಕೊಳ್ಳಿ, ಏಕೆಂದರೆ ಬರೀ ಸ್ಥಾನ ನೋಡಿದವರು ಯಾರೂ ಅದರ ಮೇಲೆ ದುಡ್ಡು ಹಾಕಿರುವುದಿಲ್ಲ.

ತೂಕದ ವಿಷಯದಲ್ಲೂ ಅಷ್ಟೇ. ಹ್ಯಾಂಡಿಕ್ಯಾಪ್ ರೇಸ್ ಅಂದ್ರೆ ಒಳ್ಳೆ ಕುದುರೆಗೆ ಹೆಚ್ಚು ಭಾರ ಹೊರಿಸಿ ಸರಿಸಮ ಮಾಡುವುದು, ಅದರಲ್ಲಿ ಕುದುರೆಯ ಸಾಮರ್ಥ್ಯಕ್ಕೆ ಕೊಡುವ ಅಂಕದ, ಅಂದ್ರೆ ರೇಟಿಂಗಿನ, ಒಂದು ಪಾಯಿಂಟಿಗೆ ಅರ್ಧ ಕೆ.ಜಿ. ಲೆಕ್ಕ. 60 ರೇಟಿಂಗ್ ಕುದುರೆಗೆ 60 ಕೆ.ಜಿ. ಕೊಟ್ಟರೆ 50 ರೇಟಿಂಗ್‌ದಕ್ಕೆ 55 ಬರುತ್ತದೆ. ಹೊಸಬರು ಟಾಪ್ ವೆಯಿಟ್, ಅಂದ್ರೆ ಎಲ್ಲಕ್ಕಿಂತ ಹೆಚ್ಚು ಭಾರದ ಕುದುರೆ, ಅಂದ ಕೂಡಲೇ "ಪಾಪ, ಭಾರ ಜಾಸ್ತಿ" ಅಂತ ಬಿಡುತ್ತಾರೆ. ಆದರೆ ಆ ಗುಂಪಿನಲ್ಲಿ ತೂಕ ಗೊತ್ತುಮಾಡುವ ಹ್ಯಾಂಡಿಕ್ಯಾಪರ್ ಲೆಕ್ಕದಲ್ಲಿ ಎಲ್ಲಕ್ಕಿಂತ ಒಳ್ಳೆ ಕುದುರೆ ಅದೇ. ಮೇಲಿನ ಕ್ಲಾಸಿನಿಂದ ಈಗಷ್ಟೇ ಕೆಳಗಿಳಿದು ಬಂದಿದ್ದರೆ, ಅದರ ಮೇಲೆ ತೂಕದ ರಿಯಾಯಿತಿ ಇರುವ ಅಪ್ರೆಂಟಿಸ್ (ಕಲಿಯುತ್ತಿರುವ ಜಾಕಿ) ಹುಡುಗ ಕೂತಿದ್ದರೆ, ನಾನಂತೂ ಅದನ್ನು ಎರಡು ಸಲ ನೋಡುತ್ತೇನೆ.

ಕುದುರೆಗಳ ಅಭ್ಯಾಸದ ಓಟ ಬರೆದಿರುವ ಟ್ರ್ಯಾಕ್ ವರ್ಕ್ ಪುಟವನ್ನು ಬರೀ ಸೆಕೆಂಡ್ ನೋಡಿ ಓದಬೇಡಿ. 600 ಮೀಟರ್ 38ರಲ್ಲಿ ಓಡಿ ಪಕ್ಕದಲ್ಲಿ "ಪ್ರೆಸ್ಡ್" ಅಂತಿದ್ದರೆ ಜಾಕಿ ದಬ್ಬಿ ಓಡಿಸಿದ್ದಾನೆ ಅಂತ. 39ರಲ್ಲಿ "ಈಸಿ" ಅಂತಿದ್ದರೆ ಅದರ ಕಾಲಲ್ಲಿ ಇನ್ನೂ ಬಾಕಿ ಇದೆ. ಇನ್ನರ್ ಸ್ಯಾಂಡ್ (ಒಳಗಿನ ಮರಳು ಟ್ರ್ಯಾಕ್) ಸಮಯವನ್ನೂ ಔಟರ್ ಸ್ಯಾಂಡ್ (ಹೊರಗಿನದು) ಸಮಯವನ್ನೂ ಒಂದಕ್ಕೊಂದು ಹೋಲಿಸಬಾರದು.

ಪುಸ್ತಕಕ್ಕೆ ಗೊತ್ತಿಲ್ಲದ ವಿಷಯವೂ ಇದೆ. ಅಚ್ಚಾದ ಮೇಲೆ ಕುದುರೆ ಹಿಂದೆ ಸರಿಯುತ್ತದೆ, ಜಾಕಿ ಬದಲಾಗುತ್ತಾನೆ, ಬೇಸಿಗೆ ಸೀಸನ್ನಿನ ಕೊನೆಯಲ್ಲಂತೂ ಮಳೆ ಬಿದ್ದು ಟ್ರ್ಯಾಕೇ ಬೇರೆ ಆಗಿರುತ್ತದೆ. ಅದಕ್ಕೇ ರೇಸಿಗೆ ಮುಂಚೆ ಕುದುರೆಗಳನ್ನು ನಡೆಸಿ ತೋರಿಸುವ ಪ್ಯಾಡಕ್‌ಗೆ ಹೋಗಿ ಅನ್ನೋದು. ಸೈಸ್ (ಕುದುರೆ ನೋಡಿಕೊಳ್ಳುವವನು) ಕುದುರೆಯನ್ನು ಸುತ್ತಿಸುವಾಗ ಹಿಂದಿನ ಕಾಲುಗಳ ನಡುವೆ ನೋಡಿ. ಬೆವರು ಬಿಳಿ ನೊರೆ ಆಗಿ ನಿಂತಿದ್ದರೆ, ತಲೆ ಕೊಡವುತ್ತಾ ಅಡ್ಡಡ್ಡ ನಡೆಯುತ್ತಿದ್ದರೆ, ಅದರ ಶಕ್ತಿ ಅಲ್ಲೇ ಖರ್ಚಾಗುತ್ತಿದೆ. ಕಿವಿ ಮುಂದೆ ಇಟ್ಟು, ಕುತ್ತಿಗೆ ಸಡಿಲ ಬಿಟ್ಟು, ಉದ್ದುದ್ದ ಹೆಜ್ಜೆ ಹಾಕುವ ಕುದುರೆ ಇಷ್ಟವಾಗುತ್ತದೆ ನನಗೆ. ಪುಸ್ತಕದಲ್ಲಿ ಗುರುತು ಹಾಕಿದ ಕುದುರೆ ಇಲ್ಲಿ ಸರಿ ಕಾಣದಿದ್ದರೆ ಆ ರೇಸ್ ಬಿಡಿ, ಇನ್ನೊಂದು ಹುಡುಕಬೇಡಿ.

ಕುದುರೆ ರೇಸ್ ಕೌಶಲದ ಆಟ ಅಂತ ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ. ಆ ಕೌಶಲ ಕಲಿಯೋಕೆ ಬೇಕಾದ ಮಾಹಿತಿ ಈ ಪುಸ್ತಕದಲ್ಲಿದೆ, ಕಲಿಸುವ ಮನಸ್ಸು ಮಾತ್ರ ಮಾಡಿದವರಿಗಿಲ್ಲ. ನಾನು ತಗೊಳ್ಳುವ ಪುಸ್ತಕದಲ್ಲಿ ಅಕ್ಷರ ಎಷ್ಟು ಸಣ್ಣದು ಅಂದ್ರೆ ವಯಸ್ಸಾದವರು ಪಕ್ಕದವರ ಕೈಗೆ ಕೊಟ್ಟು "ಸ್ವಲ್ಪ ಓದಿ ಹೇಳಪ್ಪಾ" ಅನ್ನುತ್ತಾರೆ. ಸಂಕೇತಗಳೆಲ್ಲ ಇಂಗ್ಲಿಷಿನವು. ಯಾವ ಅಕ್ಷರಕ್ಕೆ ಏನರ್ಥ ಅಂತ ಕನ್ನಡದಲ್ಲಿ ಒಂದೇ ಒಂದು ಪುಟ ಹಾಕಿದ್ದರೆ ಎಷ್ಟೋ ಜನ ಟಿಪ್ಸ್ ನಂಬಿ ಕೂರುತ್ತಿರಲಿಲ್ಲ. "ಒಳಗಿನ ಸುದ್ದಿ" ಅಂತ ಮೊಬೈಲಿಗೆ ಕುದುರೆ ಹೆಸರು ಕಳಿಸಿ ದುಡ್ಡು ಕೇಳುವವರಿಗೆ ಒಂದು ಪೈಸೆನೂ ಕೊಡಬೇಡಿ.

ಪುಸ್ತಕ ಮಾತ್ರ ರೇಸಿನ ಹಿಂದಿನ ದಿನವೇ ತಗೊಳ್ಳಿ. ರೇಸ್ ಕೋರ್ಸ್ ಗದ್ದಲದಲ್ಲಿ ಎರಡು ರೇಸ್ ನಡುವೆ ಇದನ್ನು ಓದಿ ಮುಗಿಸೋಕೆ ಆಗಲ್ಲ.