ದೇವಿಕೆರೆ ಹತ್ತಿರದ ವಕೀಲರ ಕಚೇರಿ: ತಮ್ಮನಿಗೆ ಜಾಮೀನು ಕೊಡಿಸಿದ ಅನುಭವ

ಶಿರಸಿಯ ಅಡಿಕೆ ವ್ಯಾಪಾರಿಗಳ ಮನೆಯವಳು ನಾನು. ಜಿಎಸ್‌ಟಿ ಕೇಸಿನಲ್ಲಿ ಯಾರ ಹತ್ತಿರ ಹೋಗಬೇಕು ಎಂದು ಈಚೆಗೆ ಮೂರು ಮನೆಯವರು ಕೇಳಿದರು, ಅದಕ್ಕೇ ಬರೆಯುತ್ತಿದ್ದೇನೆ.

ಕಳೆದ ಮಳೆಗಾಲದಲ್ಲಿ ತಮ್ಮನನ್ನು ಬಂಧಿಸಿ ಬೆಳಗಾವಿಗೆ ಕರೆದೊಯ್ದರು. ಮಾಲೇ ಬಾರದ ಬಿಲ್ಲುಗಳ ಮೇಲೆ 5 ಕೋಟಿ 60 ಲಕ್ಷ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ (ಖರೀದಿಯ ಮೇಲೆ ಕೊಟ್ಟ ತೆರಿಗೆಯನ್ನು ತಾನು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವುದು) ಪಡೆದಿದ್ದಾನೆ ಎಂಬುದು ಆರೋಪ. ಮೊದಲು ಹಿಡಿದದ್ದು ಬೇರೆ ಊರಿನ ಒಬ್ಬ ವಕೀಲರನ್ನು. "ಅರ್ಧ ದುಡ್ಡು ಕಟ್ಟಿಬಿಡಿ, ನಾಳೆಯೇ ಜಾಮೀನು" ಎಂದರು. ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಅರ್ಜಿ ವಜಾ ಆದ ಮೇಲೆ ಫೋನೇ ಎತ್ತಲಿಲ್ಲ. ಅಷ್ಟರಲ್ಲಿ ಆಯಿ ಬಳೆ ಬಿಚ್ಚಿ ಬ್ಯಾಂಕಿಗೆ ಹೊರಟಾಗಿತ್ತು.

ದೇವಿಕೆರೆಯ ಈ ವಕೀಲರು ಮೊದಲ ದಿನ ಸೆಕ್ಷನ್ ಹೇಳಲಿಲ್ಲ, ಪೆನ್ಸಿಲ್ ತೆಗೆದರು. ಅಡಿಕೆಗೆ ತೆರಿಗೆ ಶೇ. 5. ಅಷ್ಟು ಕ್ರೆಡಿಟ್ ಆಗಬೇಕಾದರೆ 112 ಕೋಟಿ ರೂಪಾಯಿ ಖರೀದಿ ಬಿಲ್ ಬೇಕು. ತಮ್ಮನ ಮೂರು ವರ್ಷದ ಖರೀದಿ ಎಲ್ಲಾ ಸೇರಿ 70 ಕೋಟಿ ದಾಟಿರಲಿಲ್ಲ, ಅಂದರೆ ಕ್ರೆಡಿಟ್ ಮೂರೂವರೆ ಕೋಟಿಯೊಳಗೇ. ಉಳಿದದ್ದು ಅವನಿಗೆ ಮಾಲು ಕೊಟ್ಟ ಇನ್ನೆರಡು ಅಂಗಡಿಗಳ ಲೆಕ್ಕ. ಈ ಆರೋಪದಲ್ಲಿ ಮೊತ್ತ 5 ಕೋಟಿ ದಾಟಿದರೆ ಮಾತ್ರ ಜಾಮೀನು ರಹಿತ ಅಪರಾಧ, ಅಂದರೆ ಕೋರ್ಟು ಒಪ್ಪಿದರೆ ಮಾತ್ರ ಜಾಮೀನು; ಅದರ ಕೆಳಗೆ ಜಾಮೀನು ಹಕ್ಕಾಗಿ ಸಿಗುವಂಥದ್ದು. ನಮಗೆ ಇದನ್ನು ಅಲ್ಲಿಯತನಕ ಯಾರೂ ಹೇಳಿರಲಿಲ್ಲ.

ದುಡ್ಡು ಕಟ್ಟುವ ಮಾತಿಗೂ ಖಡಾಖಂಡಿತ ಉತ್ತರ ಕೊಟ್ಟರು. ಬಂಧನದ ಬೆದರಿಕೆ ಹಾಕಿ ತೆರಿಗೆ ಕಟ್ಟಿಸಿಕೊಳ್ಳುವಂತಿಲ್ಲ, ಬಂಧನದ ಭಯವಿದ್ದವರು ನಿರೀಕ್ಷಣಾ ಜಾಮೀನು ಕೇಳಬಹುದು ಎಂದು ಸುಪ್ರೀಂ ಕೋರ್ಟು 2025ರ ಫೆಬ್ರವರಿ 27ರಂದು ಹೇಳಿದ ತೀರ್ಪನ್ನು ಓದಿ ಅರ್ಥ ಬಿಡಿಸಿದರು. ನೋಟಿಸು ಬಂದಾಗಲೇ ಇವರ ಹತ್ತಿರ ಹೋಗಿದ್ದರೆ ಎಂದು ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಆಮೇಲಿನದು, ಮಾಲು ನಿಜಕ್ಕೂ ಬಂದಿತ್ತೆಂದು ತೋರಿಸಲು, ಚೀಟಿಗಳ ಕೆಲಸ. ಲಾರಿ ತೂಕದ ಚೀಟಿಗಳ ಶಾಯಿ ಮಾಸಿಹೋಗಿತ್ತು. ಅವರ ಜೂನಿಯರ್ ಹುಡುಗಿ ಒಂದೊಂದನ್ನೂ ಕಿಟಕಿಯ ಬೆಳಕಿಗೆ ಹಿಡಿದು ಫೋಟೊ ತೆಗೆದು, ಲಾರಿ ನಂಬರನ್ನು ಇ-ವೇ ಬಿಲ್ಲಿಗೂ (ಮಾಲು ಸಾಗಣೆಯ ಆನ್‌ಲೈನ್ ದಾಖಲೆ) ಬ್ಯಾಂಕಿನಿಂದ ಹೋದ ಹಣಕ್ಕೂ ತಾಳೆ ಹಾಕಿದಳು. ನಾಲ್ಕು ದಿನ ನಾನೂ ಪಕ್ಕದಲ್ಲಿ ಕೂತಿದ್ದೆ.

ಸೆಷನ್ಸ್ ಕೋರ್ಟೂ ಒಪ್ಪಲಿಲ್ಲ. 60 ದಿನದೊಳಗೆ ಜಿಎಸ್‌ಟಿ ಇಲಾಖೆ ಕೋರ್ಟಿಗೆ ದೂರು (ಪೊಲೀಸರ ಚಾರ್ಜ್‌ಶೀಟ್ ಇದ್ದಂತೆ) ಸಲ್ಲಿಸದಿದ್ದರೆ ಜಾಮೀನು ಹಕ್ಕಾಗಿ ಸಿಗುತ್ತದೆ, ಆದರೆ ಅದನ್ನೇ ನಂಬಿ ಕೂರಬೇಡಿ ಎಂದು ವಕೀಲರು ಹೇಳಿದ್ದರು. ಹಾಗೇ ಆಯಿತು, 57ನೇ ದಿನ ದೂರು ದಾಖಲಾಯಿತು. ಧಾರವಾಡ ಹೈಕೋರ್ಟ್ ಪೀಠದಲ್ಲಿ 71ನೇ ದಿನ ಜಾಮೀನು ಸಿಕ್ಕಿತು. ದಾಖಲೆಗಳೆಲ್ಲ ಇಲಾಖೆಯ ಕೈಯಲ್ಲೇ ಇವೆ, ಹಿಂದೆ ಕೇಸಿಲ್ಲ, ಗರಿಷ್ಠ ಶಿಕ್ಷೆಯೇ 5 ವರ್ಷ ಎಂಬುದನ್ನು ನ್ಯಾಯಾಲಯ ಗಮನಿಸಿತು. 5 ಕೋಟಿಯ ಲೆಕ್ಕ ವಿಚಾರಣೆಯಲ್ಲಿ ತೀರ್ಮಾನವಾಗಲಿ ಎಂದು ಬಿಟ್ಟಿತು. ಅಪ್ಪಯ್ಯ ಫೋನಿನಲ್ಲಿ ಅತ್ತಾಗ ವಕೀಲರು ನನಗೆ ಹೇಳಿದ್ದು: "ತಂಗೀ, ಜಾಮೀನು ಅಂದ್ರೆ ಕೇಸು ಮುಗೀತು ಅಂತಲ್ಲ, ಮನೇಲಿ ಎಲ್ಲರಿಗೂ ಹೇಳು."

ಶ್ಯೂರಿಟಿಗೆ ಜಂಟಿ ಪಹಣಿ ತರಬೇಡಿ, ಒಬ್ಬರದೇ ಹೆಸರಿನದು ಬೇಕು ಎಂದು ವಾರ ಮೊದಲೇ ಎಚ್ಚರಿಸಿದ್ದರು. ನಮ್ಮ ಕಡೆ ಪಾಲಾಗದ ತೋಟಗಳೇ ಜಾಸ್ತಿ. ಅಂಥ ಪಹಣಿ ಇರುವ ಇಬ್ಬರನ್ನು ಹುಡುಕಲು ನನಗೆ ಐದು ದಿನ ಹಿಡಿಯಿತು. ಮೊದಲೇ ಹೇಳದಿದ್ದರೆ ಅವನು ಅಷ್ಟೂ ದಿನ ಜೈಲಿನಲ್ಲೇ ಇರಬೇಕಿತ್ತು.

ಕೊರತೆಯೂ ಇದೆ. ಸಂಜೆ ಏಳರ ಮೇಲೆ ಫೋನು ಎತ್ತುವುದಿಲ್ಲ. ಅರ್ಜಿಯಲ್ಲಿ ಅಪ್ಪಯ್ಯನ ಹೆಸರು ತಪ್ಪಾಗಿ ಟೈಪಾಗಿ ಒಂದು ದಿನ ಹೋಯಿತು. ಕಚೇರಿ ಮಾಳಿಗೆಯ ಮೇಲೆ, ವಯಸ್ಸಾದವರಿಗೆ ಆ ಮೆಟ್ಟಿಲು ಕಷ್ಟ. ಫೀ ಕಡಿಮೆಯೇನಲ್ಲ, ಆದರೆ ಕೊಟ್ಟ ಪ್ರತಿ ರೂಪಾಯಿಗೂ ರಸೀದಿ ಕೊಟ್ಟಿದ್ದಾರೆ.

ಕೇಸು ಇನ್ನೂ ನಡೆಯುತ್ತಿದೆ. ತಮ್ಮ ಈಗಲೂ ಪ್ರತಿ ಶನಿವಾರ ಮಧ್ಯಾಹ್ನ ಆ ಮೆಟ್ಟಿಲು ಹತ್ತಿ, ಉಳಿದ ತೂಕದ ಚೀಟಿಗಳನ್ನು ತಿಂಗಳುವಾರು ಜೋಡಿಸಿ ಬರುತ್ತಾನೆ.