1881ರ ಜನಗಣತಿಯಲ್ಲಿ ನಿಮ್ಮ ಮುತ್ತಜ್ಜನ ಹೆಸರು ತೆಗೆದುಕೊಡ್ತೀನಿ ಅಂದವನಿಗೆ ದುಡ್ಡು ಕೊಡಬೇಡಿ

ಗದಗ-ಬೆಟಗೇರಿ ಕಡೆ ಒಬ್ಬ ಓಡಾಡ್ತಿದ್ದಾನೆ. 'ಬ್ರಿಟಿಷರ ಕಾಲದ ಜನಗಣತಿ, ಚರ್ಚಿನ ಹಳೇ ರಿಜಿಸ್ಟರ್ ಎಲ್ಲಾ ನನ್ನ ಕಡೆ ಅದಾವ್ರಿ, ಏಳು ತಲೆಮಾರು ತಗದು ಕೊಡ್ತೀನಿ' ಅಂತಾನೆ. ನಮ್ಮ ಕಾಕಾನ ಹತ್ತಿರ 18,000 ರೂಪಾಯಿ ತೊಗೊಂಡು ಹೋದ. ಈಗ ಫೋನ್ ಸ್ವಿಚ್ ಆಫ್.

ಕೊಟ್ಟಿದ್ದು ಲ್ಯಾಮಿನೇಶನ್ ಮಾಡಿದ ಎರಡು ಹಾಳೆ. ಚಹಾದಲ್ಲಿ ಅದ್ದಿ ತೆಗೆದಂಥ ಬಣ್ಣ, ಮೂಲೆಗೊಂದು ನೇರಳೆ ಸಿಕ್ಕಾ. ಮೊದಲನೆಯದು '1881ರ ಜನಗಣತಿ ನಕಲು'. ಮೇಲೆ ದಪ್ಪಕ್ಷರದಲ್ಲಿ 'ಜಿಲ್ಲಾ: ಗದಗ'. ಗದಗ ಜಿಲ್ಲೆ ಆಗಿದ್ದೇ 1997ರಲ್ಲಿ! 1881ರಲ್ಲಿ ಅದು ಮುಂಬೈ ಪ್ರಾಂತದ ಧಾರವಾಡ ಜಿಲ್ಲೆಯ ಒಂದು ತಾಲೂಕು. ಹಾವೇರಿಯವರೂ ಇದನ್ನು ನೋಡಿಕೊಳ್ಳಿ, ನಿಮ್ಮ ಜಿಲ್ಲೆಯೂ 1997ರದ್ದೇ. ಕೆಳಗೆ ಮುತ್ತಜ್ಜ ಹುಟ್ಟಿದ ತಾರೀಖು, ತಿಂಗಳ ಸಮೇತ. ಆ ಗಣತಿಯಲ್ಲಿ ವಯಸ್ಸು ಬರೆದುಕೊಳ್ತಿದ್ದರು, ಹುಟ್ಟಿದ ದಿನ ಯಾರೂ ಕೇಳ್ತಿರಲಿಲ್ಲ.

ಎರಡನೆಯದು ಬೆಟಗೇರಿ ಚರ್ಚಿನ ದೀಕ್ಷಾಸ್ನಾನದ (ಬ್ಯಾಪ್ಟಿಸಮ್ಮಿನ) ದಾಖಲೆ, ಇಸವಿ 1832. ಅಲ್ಲಿ ಸಭೆ ಕಟ್ಟಿದ ಕ್ರೈಸ್ತ ಮಿಶನರಿಗಳು, ಅಂದರೆ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನವರು, ಮಂಗಳೂರಿಗೆ ಬಂದಿಳಿದದ್ದೇ 1834ರಲ್ಲಿ. ಧಾರವಾಡಕ್ಕೆ 1837, ಹುಬ್ಬಳ್ಳಿಗೆ 1839, ಬೆಟಗೇರಿಗೆ 1841. 'ಅವ್ರು ಬರೂಕಿಂತ ಮೊದಲ ಮುತ್ತಜ್ಜಗ ದೀಕ್ಷಾಸ್ನಾನ ಯಾರು ಕೊಟ್ರು?' ಅಂತ ಕಾಕು ಕೇಳಿದ್ಲು. ಕಾಕಾ ಕನ್ನಡಕ ತೆಗೆದು ಒರೆಸ್ತಾ ಕೂತ.

ಅಸಲಿಗೆ 1881ರ ಜನಗಣತಿಯ ಹೆಸರಿರುವ ಹಾಳೆಗಳೇ ನಮ್ಮಲ್ಲಿ ಉಳಿದಿಲ್ಲ. ಲೆಕ್ಕ ಮುಗಿದ ಮೇಲೆ ಮನೆಮನೆಯ ಹಾಳೆಗಳನ್ನು ನಾಶ ಮಾಡಿದರು. ಉಳಿದದ್ದು ಅಂಕಿಸಂಖ್ಯೆಯ ಕೋಷ್ಟಕ ಮಾತ್ರ. ಇಂಗ್ಲೆಂಡಿನಲ್ಲಿ 1881ರ ಹಾಳೆಗಳನ್ನು ಹೆಸರು ಹಾಕಿ ಇವತ್ತಿಗೂ ಹುಡುಕಬಹುದು. ಅದನ್ನು ಮೊಬೈಲಿನಲ್ಲಿ ತೋರಿಸಿಯೇ ಇವನು ಜನರನ್ನು ನಂಬಿಸೋದು. ಸ್ವಾತಂತ್ರ್ಯದ ನಂತರದ ಗಣತಿಯ ಮಾತು ಬಂದರೂ ನಂಬಬೇಡಿ. 1948ರ ಜನಗಣತಿ ಕಾಯ್ದೆಯ 15ನೇ ಕಲಮಿನ ಪ್ರಕಾರ ಆ ದಾಖಲೆ ಯಾರೂ ನೋಡುವ ಹಾಗಿಲ್ಲ.

ದುಡ್ಡು ಹೋದರೆ ಹೋಗಲಿ. 'ತಾಳೆ ನೋಡಾಕ ಬೇಕು' ಅಂತ ಹೊಲದ ಉತಾರ (ಪಹಣಿ), ಆಧಾರ್ ಝೆರಾಕ್ಸು, ಸಹಿ ಮಾಡಿದ ಒಂದು ಖಾಲಿ ಹಾಳೆಯನ್ನೂ ಒಯ್ದಿದ್ದಾನೆ. ನಮಗೆ ನಿದ್ದೆ ಬಾರದ್ದು ಇದಕ್ಕೆ. ಪೊಲೀಸರಿಗೆ ದೂರು ಕೊಟ್ಟಿದ್ದೇವೆ, ಫೇರಫಾರ (ಹೊಲ ಬೇರೆಯವರ ಹೆಸರಿಗೆ ವರ್ಗ) ಆಗಿದೆಯಾ ಅಂತ ಆಗಾಗ ಉತಾರ ತೆಗೆಸಿ ನೋಡ್ತಿದ್ದೇವೆ. ನೀವೂ ಕಾಗದ ಕೊಟ್ಟಿದ್ದರೆ ಇವತ್ತೇ ದೂರು ಕೊಡಿ.

ವಂಶಾವಳಿ ಬೇಕೇ ಬೇಕು ಅನ್ನುವವರು ನಿಮ್ಮ ಸಭೆಯ ಪಾಸ್ಟರನ್ನೇ ಕೇಳಿ. ದೀಕ್ಷಾಸ್ನಾನ, ಮದುವೆ, ಸಮಾಧಿ ರಿಜಿಸ್ಟರುಗಳು ಇದ್ದರೆ ಅಲ್ಲೇ ಇರ್ತಾವೆ. ನಡುವೆ ಏಜೆಂಟ್ ಯಾಕೆ? ಮಿಶನರಿಗಳ ವರದಿಗಳು ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ದಾಖಲೆ ಭಂಡಾರದಲ್ಲಿವೆ, ಆದರೆ ಹಳೇ ಜರ್ಮನ್ ಕೈಬರಹ, ಓದಬಲ್ಲವರು ಬೇಕು. ಕ್ರೈಸ್ತರಾಗುವುದಕ್ಕಿಂತ ಹಿಂದಿನ ತಲೆಮಾರು ಬೇಕಾದರೆ ಸುಗ್ಗಿ ಮುಗಿದ ಮೇಲೆ ಊರಿಗೆ ಹೆಳವರು ಬಂದಾಗ ವಿಚಾರಿಸಿ. ಕಾಳುಕಡಿ, ಬಟ್ಟೆ ಏನಾದರೂ ಕೊಟ್ಟರೆ ನಿಮ್ಮ ಮೂಲ ಮನೆತನದ ಹೆಸರುಗಳನ್ನು ಸಾಲಾಗಿ ಹೇಳ್ತಾರೆ. ಆಧಾರ್ ಅಂತೂ ಕೇಳೋದಿಲ್ಲ.